ಗೇಟಿನಲ್ಲಿ ಬಿಟ್ಟ ವಯಸ್ಸು

ವಿಶ್ವವಿದ್ಯಾಲಯದ ಗೇಟಿನಲ್ಲಿ ಎಲ್ಲರಂತೆ ನೀಲವ್ವನೂ ಚಪ್ಪಲಿಯ ಪಕ್ಕದಲ್ಲೇ ತನ್ನ ಐವತ್ತೆಂಟು ವರ್ಷ ಬಿಚ್ಚಿಟ್ಟು ಒಳಗೆ ಹೋದಳು. ಎಂ.ಎ. ಸೇರುವ ಆಸೆಯಿತ್ತು. ಆದರೆ ದಿನಾ ಸಂಜೆ ಅದೇ ವಯಸ್ಸು ಮೆಟ್ಟಿಕೊಂಡು ಬಸ್ಸು ಹತ್ತಬೇಕು, ಓಣಿಯ ಮಂದಿ ಹಲ್ಲು ಕಿಸಿಯುತ್ತಾರೆ ಎಂದು ಹೆದರಿ, ಹೆಸರು ಬರೆಸದೆಯೇ ವಾಪಸಾದಳು.

ನೋಡಿದರೆ ಚಪ್ಪಲಿ ಇದೆ, ವಯಸ್ಸಿಲ್ಲ!

"ಯಾವ ಭಾಡ್ಯಾ ಒಯ್ದಾನೋ ನನ್ನ ವಯಸ್ಸ?"

"ಎಂ.ಎ. ಮುಗಿಸಿದ ಹುಡುಗ್ರಿಗೆ ನೌಕರಿ ಎಲ್ಲೈತ್ರಿ ಅಕ್ಕಾರ? ಪಿಂಚಣಿ ಆಸೆಗೆ ಯಾವನೋ ಹಾಕ್ಕೊಂಡು ಹೋಗ್ಯಾನ," ಎಂದ ಕಾವಲುಗಾರ. "ಅವನ ಇಪ್ಪತ್ಮೂರು ಇಲ್ಲೇ ಬಿದ್ದೈತಿ, ತಗೋರಿ."

ನೀಲವ್ವ ಮೆಟ್ಟಿ ನೋಡಿದಳು. ಹೊಸ ಚಪ್ಪಲಿಯಂತೆ ಕಚ್ಚಿತು. ಅಲ್ಲೇ ಒದರಿ ಬಿಸಾಕಿದಳು.

ಗುಡಿ ಮುಂದೆ ಚಪ್ಪಲಿ ಕಳಕೊಂಡವರ ಹಾಗೆ, "ಹೋಗ್ಲಿ ಬಿಡೋ, ಶನಿ ಬಿಡ್ತು," ಎಂದು ಹೆಸರು ಬರೆಸಲು ಮತ್ತೆ ಒಳಗೆ ನಡೆದಳು.