ಹಳದಿ ಫ್ರಾಕಿನ ಗುಂಡಿ

ಅಮ್ಮನ ತಲೆಯ ಮೇಲೆ ಟಕಟಕ ಬಡಿಯುತ್ತಿದ್ದ ಅಯಸ್ಕಾಂತದ ಯಂತ್ರ ನಿಂತ ಕೂಡಲೇ ನರ್ಸ್ ಕಸದ ಬುಟ್ಟಿಯನ್ನು ಕುರ್ಚಿಯ ಹತ್ತಿರ ಸರಿಸಿದಳು. “ಇಡೋದಾ, ಬಿಡೋದಾ? ನೀವೇ ಹೇಳ್ಬೇಕಮ್ಮ.”

ಅಮ್ಮನ ಮಡಿಲಲ್ಲಿ ಮನೆಯಿಂದ ತಂದ ಹಳದಿ ಫ್ರಾಕು. ಬಟ್ಟೆ ಹೊಲಿದು ಬದುಕಿದ ಅಮ್ಮ ಒಂದು ಚಿಂದಿಯನ್ನೂ ಬಿಸಾಡಲಾರದೆ, ಕಾಲಿಡಲು ಜಾಗವಿಲ್ಲದಂತೆ ಮನೆ ತುಂಬಿದ್ದಳು. ಅದು ಕಾಯಿಲೆ, ಅದಕ್ಕೆ ಈ ಯಂತ್ರದ ಚಿಕಿತ್ಸೆ ಇದೆ ಎಂದು ತಿಳಿಯುವ ಮುಂಚೆ ಜಗಳವಾಡಿ ಮಗಳ ಬಾಯಿ ಸೋತಿತ್ತು.

ಅಮ್ಮ ಹಳೇ ಅಭ್ಯಾಸದಂತೆ ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದಳು. ಫ್ರಾಕನ್ನು ಬುಟ್ಟಿಗೆ ಹಾಕಿ, ಗುಂಡಿಯನ್ನು ಮಾತ್ರ ಮುಷ್ಟಿಯಲ್ಲಿ ಬಚ್ಚಿಟ್ಟಳು. ‘ಹುಟ್ಟುಗುಣ ಸುಟ್ರೂ ಹೋಗಲ್ಲ’ ಅಂದುಕೊಂಡಳು ಪಕ್ಕದಲ್ಲಿ ನಿಂತಿದ್ದ ಮಗಳು. ಆದರೆ ಅಮ್ಮ ಮುಷ್ಟಿಯನ್ನು ಬುಟ್ಟಿಯ ಮೇಲೆ ಚಾಚಿದಳು. ಹಣೆಯಲ್ಲಿ ಬೆವರು. ಒಂದೊಂದೇ ಬೆರಳು ಬಿಚ್ಚಿತು. ಗುಂಡಿ ಬುಟ್ಟಿಯ ಅಂಚಿಗೆ ಟಣ್ಣೆಂದು ತಾಗಿ ಒಳಗೆ ಬಿತ್ತು.

ಮೊದಲ ದಿನ ಶಾಲೆಗೆ ಹೋಗುವಾಗ ತಾನು ತೊಟ್ಟಿದ್ದ ಫ್ರಾಕು! ಮಗಳ ಕೈ ತಾನಾಗಿಯೇ ಬುಟ್ಟಿಯೊಳಕ್ಕೆ ಹೋಯಿತು. ಅಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

“ಬಿಡು ಪುಟ್ಟಿ,” ಎಂದು ಬೆವರೊರೆಸಿಕೊಳ್ಳುತ್ತಾ ನಕ್ಕಳು. “ಬೇಕಾದ್ರೆ ನೀನೂ ಒಂದ್ಸಲ ಈ ಕುರ್ಚೀಲಿ ಕೂತ್ಕೋ.”