ಕಾಣಿಕೆಯ ಗೊಂಬೆ

ಎರಡು ದೇಶಗಳ ನಡುವೆ ವ್ಯಾಪಾರ ಬೆಳೆಸುವ ಮಂಡಳಿಯಲ್ಲಿ ವನಜಾಕ್ಷಿ ಅಧಿಕಾರಿ. ಇನ್ನೊಂದು ದೇಶದಿಂದ ಬಂದ ನಿಯೋಗಕ್ಕೆ ಈ ಸಲವೂ ಚಿಕ್ಕಪ್ಪನಿಂದ ಅರಗಿನ ಬಣ್ಣದ ಮರದ ಗೊಂಬೆಗಳನ್ನೇ ತರಿಸಿ ಹಂಚಿದಳು. ಇದು ನಮ್ಮ ನಾಡಿನ ಕೈಕೆಲಸವೆಂದು ಅಧ್ಯಕ್ಷರು ಭಾಷಣದಲ್ಲಿ ಹೊಗಳಿದರು. ಅವಳು ಸಭಾಂಗಣದಿಂದ ಹೊರಗೆ ಬಂದು ಫೋನು ಮಾಡಿದಳು.

“ಚಿಕ್ಕಪ್ಪ, ಗೊಂಬೆ ಎಲ್ಲರಿಗೂ ಹಿಡಿಸಿದೆ. ನೀವು ಮಾಡೋದನ್ನ ನೋಡೋಕೆ ನಾಳೆ ಬರ್ತಾರಂತೆ.”



“ಕರ್ಕೊಂಡು ಬರಬೇಡ ಕಣಮ್ಮ.”

“ಯಾಕೆ? ಒಳ್ಳೇ ಆರ್ಡರ್ ಸಿಗಬಹುದು.”

“ಹೋದ ವರ್ಷ ನೀನು ಅವರ ದೇಶದ ಗೊಂಬೆ ವ್ಯಾಪಾರಿನ ನಮ್ಮ ಪೇಟೆಗೆ ಕರ್ಕೊಂಡು ಬಂದೆಯಲ್ಲ, ಆಮೇಲೆ ಅವನ ಅಗ್ಗದ ಮಾಲಿನ ಮುಂದೆ ನನ್ನ ಗೊಂಬೆ ಕಡೆಯೋ ಮಿಷನ್ ನಿಂತೇಹೋಯ್ತು. ಇವತ್ತು ನೀನು ಹಂಚಿದ್ದೂ ನಾನು ಅವನ ಹತ್ರ ಕೊಂಡು ಕಳಿಸಿದ ಮಾಲೇ.”