ಚೈನಿನ ಮೇಲಿನ ಗುರುತು

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು, ಸುಲಭಕ್ಕೆ ಹೆದರುವುದಿಲ್ಲ. ಆದರೂ ಈಗ ನಾನಿರುವ ಬಟವಾಡಿಯ ಗ್ಯಾರೇಜಿನಿಂದ ಗ್ರೀಸ್ ವಾಸನೆ ಬಂದರೆ ಹೆಜ್ಜೆ ನಿಲ್ಲುತ್ತದೆ.

ನಮ್ಮೂರು ಹಾಗಲವಾಡಿಯಲ್ಲಿ ಅಪ್ಪ, ಚಿಕ್ಕಪ್ಪ ಸೇರಿ ಹಳೆಯ ಚೈನ್ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಚಕ್ರದ ಬದಲು ಕಬ್ಬಿಣದ ಚೈನ್. ಅದು ಎಷ್ಟು ಜೋತಿದೆಯೆಂದು ಚಿಕ್ಕಪ್ಪ ಬೆರಳಿಟ್ಟೇ ಅಳೆಯುತ್ತಿದ್ದ. ಅವನ ಬಲಗೈಗೆ ನಡುಬೆರಳಿರಲಿಲ್ಲ.

"ಅಷ್ಟು ಬಿಗಿ ಮಾಡ್ಬೇಡ ಕಣಣ್ಣ, ಕಿತ್ಕೊಂಡ್ರೆ ನೀನೇ ಇರಲ್ಲ," ಎಂದು ಅಪ್ಪನನ್ನು ಬೈಯುತ್ತಿದ್ದ.

ಚಿಕ್ಕಪ್ಪ ತೀರಿಕೊಂಡ ಮರುತಿಂಗಳು, ಮಟಮಟ ಮಧ್ಯಾಹ್ನ, ಅಪ್ಪ ಚೈನ್ ಬಿಗಿಸುವ ಸಿಲಿಂಡರಿಗೆ ಗನ್ನಿನಿಂದ ಗ್ರೀಸ್ ಒತ್ತಿ ಒತ್ತಿ ಅದನ್ನು ಬಿಗಿದ. ಅಪ್ಪನೂ ನಾನೂ ಉಂಡು ಬರುವಷ್ಟರಲ್ಲಿ ಅದು ಮತ್ತೆ ಜೋತುಬಿದ್ದಿತ್ತು. ಮೇಲೆ ಬೆರಳುಗಳ ಹಸಿ ಗ್ರೀಸ್ ಗುರುತು, ನಡುವೆ ಒಂದರ ಜಾಗ ಖಾಲಿ.

ಅಪ್ಪ ನನ್ನ ಕೈ ತಿರುಗಿಸಿ ನೋಡಿದ. ಚೊಕ್ಕಟವಾಗಿತ್ತು.

"ಆಯ್ತು ಬುಡಪ್ಪ, ನೀನೇಳ್ದಂಗೇ ಆಗ್ಲಿ," ಎಂದ, ಟ್ರ್ಯಾಕ್ಟರಿನ ಖಾಲಿ ಸೀಟಿನ ಕಡೆ ತಿರುಗಿ.